ಮೊದಲನೇ ಮನೆ, ಇನ್ನೂರನೇ ಮನೆ

(ಅಮೆರಿಕದಲ್ಲಿ ಮನೆ ಕೊಳ್ಳಲು ಅಥವಾ ಕಟ್ಟಿಸಲು ಹೊರಟ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಮನೆಗಳ ತಪಾಸಣೆ ನನ್ನ ಕಸುಬು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಸರ್, ಬಿಲ್ಡರ್ ಕಟ್ಟಿಟ್ಟ ಮನೆ ತಗೊಳ್ಳೋದೋ, ಜಾಗ ತಗೊಂಡು ನಾವೇ ಕಟ್ಟಿಸೋದೋ? ಯಾವುದು ಗಟ್ಟಿ?" ಹೀಗೆ ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಕೂತಿರುತ್ತದೆ. ದುಡ್ಡಿರುವವರು ಕಟ್ಟಿಸುತ್ತಾರೆ, ಇಲ್ಲದವರು ಕಟ್ಟಿದ್ದನ್ನು ಕೊಳ್ಳುತ್ತಾರೆ, ಹಾಗಾಗಿ ಕಟ್ಟಿಸಿದ್ದೇ ಗಟ್ಟಿ. ನನ್ನಿಂದ ಅದಕ್ಕೊಂದು ಮೊಹರು ಬೇಕಾಗಿರುತ್ತದೆ, ಅಷ್ಟೆ. ಇವತ್ತು ಆ ಮೊಹರು ಒತ್ತುವುದಿಲ್ಲ. ಹಾಗಂತ ಎರಡೂ ಒಂದೇ ಎಂದು ಹೇಳಿ ನುಣುಚಿಕೊಳ್ಳುವುದೂ ಇಲ್ಲ.

ಮೊದಲು ಯಾವುದಕ್ಕೆ ಏನೆನ್ನುತ್ತೇನೆ ಎಂಬುದು ಸ್ಪಷ್ಟವಾಗಲಿ. ದೊಡ್ಡ ಬಯಲೊಂದನ್ನು ಕೊಂಡು, ನೆಲ ಸಮ ಮಾಡಿ, ರಸ್ತೆ ಚರಂಡಿ ಹಾಕಿ, ನಾಲ್ಕೈದು ನಕ್ಷೆಗಳನ್ನೇ ತಿರುಗಿಸಿ ಮುರುಗಿಸಿ ನೂರಾರು ಮನೆ ಕಟ್ಟಿ ಮಾರಿದರೆ ಅವು ಟ್ರ್ಯಾಕ್ಟ್ ಮನೆಗಳು. ಒಬ್ಬರ ಜಾಗದಲ್ಲಿ, ಅವರಿಗೆಂದೇ ಬರೆದ ನಕ್ಷೆಯ ಪ್ರಕಾರ, ಒಂದೇ ಸಲ ಕಟ್ಟುವುದು ಕಸ್ಟಮ್ ಮನೆ. ನಡುವೆ ಸೆಮಿ-ಕಸ್ಟಮ್ ಎಂಬ ತಳಿಯೊಂದಿದೆ: ಬಿಲ್ಡರ್ ನಕ್ಷೆಯಲ್ಲೇ ಒಂದು ಗೋಡೆ ಅತ್ತಿತ್ತ ಸರಿಸಿ, ನಿಮಗೆ ಬೇಕಾದ ನೆಲಹಾಸು ಹಾಕಿಸಿಕೊಡುವುದು. ಕಟ್ಟಡದ ಗುಣದ ಮಟ್ಟಿಗೆ ಅದನ್ನು ನಾನು ಟ್ರ್ಯಾಕ್ಟ್ ಲೆಕ್ಕಕ್ಕೇ ಸೇರಿಸುತ್ತೇನೆ, ಬ್ರೋಷರಿನಲ್ಲಿ ಏನೇ ಬರೆದಿರಲಿ.

ನನ್ನ ತೀರ್ಮಾನವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಜಗಳಕ್ಕೆ ಬರಬಹುದು. ಕಸ್ಟಮ್ ಮನೆ ಪ್ರತಿ ಸಲವೂ ಮೊದಲನೇ ಮನೆ. ಟ್ರ್ಯಾಕ್ಟ್ ಮನೆ ಇನ್ನೂರನೆಯದು. ಮೊದಲನೆಯದು ಕೆಡುವುದು ಯಾರೂ ಹಿಂದೆ ಮಾಡಿರದ ಜೋಡಣೆಗಳಲ್ಲಿ. ಇನ್ನೂರನೆಯದು ಕೆಡುವುದು ಎಲ್ಲರೂ ಕಣ್ಣುಮುಚ್ಚಿ ಮಾಡುವ ಕೆಲಸಗಳಲ್ಲಿ. ಎರಡರಲ್ಲೂ ಮನೆಯನ್ನು ಉಳಿಸುವುದು, ಗೋಡೆ ಮುಚ್ಚುವ ಮೊದಲು ಒಳಗೆ ಇಣುಕಿ ನೋಡಿದ ಒಂದು ಜೊತೆ ಕಣ್ಣು.

ಇನ್ನೂರನೇ ಮನೆಯಿಂದಲೇ ಶುರು ಮಾಡೋಣ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ವಾಪಸಾದಾಗ ಅಮೆರಿಕದಲ್ಲಿ ಮನೆಗಳ ಬರ. 1947ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್ ಕುಟುಂಬದ ಕಂಪನಿ ಲೆವಿಟೌನ್ ಕಟ್ಟಲು ಶುರುಮಾಡಿತು. 1951ರ ಹೊತ್ತಿಗೆ 17 ಸಾವಿರಕ್ಕೂ ಹೆಚ್ಚು ಮನೆ ಎದ್ದು ನಿಂತಿದ್ದವು. ಮನೆ ಕಟ್ಟುವ ಕೆಲಸವನ್ನು ಇಪ್ಪತ್ತೇಳು ಹಂತಗಳಾಗಿ ಒಡೆದಿದ್ದರು. ಕಾರ್ಖಾನೆಯಲ್ಲಿ ಕಾರು ಮುಂದಕ್ಕೆ ಸಾಗುತ್ತದೆ, ಕೆಲಸಗಾರ ನಿಂತಲ್ಲೇ ಇರುತ್ತಾನೆ. ಇಲ್ಲಿ ಮನೆ ನಿಂತಲ್ಲೇ, ಕೆಲಸಗಾರರ ತಂಡ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಒಂದು ತಂಡ ಪಾಯದ ಸ್ಲ್ಯಾಬ್ ಹಾಕುತ್ತದೆ, ಇನ್ನೊಂದು ಗೋಡೆಯ ಚೌಕಟ್ಟು ನಿಲ್ಲಿಸುತ್ತದೆ, ಮತ್ತೊಂದು ಬಣ್ಣ ಬಳಿಯುತ್ತದೆ. ಕೆಲಸ ಭರದಿಂದ ಸಾಗಿದ್ದಾಗ ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆ ಮುಗಿಯುತ್ತಿದ್ದವು. ಮೊದಮೊದಲು ಕರಿಯರಿಗೆ ಅಲ್ಲಿ ಜಾಗವಿಲ್ಲ ಎಂದು ಕರಾರಿನಲ್ಲೇ ಬರೆದಿದ್ದರು ಎಂಬುದು ಬೇರೆಯೇ ಕಥೆ. ಇವತ್ತಿನ ವಿಷಯವಲ್ಲ, ಆದರೆ ಲೆವಿಟೌನ್ ಹೆಸರೆತ್ತಿ ಅದನ್ನು ಹೇಳದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಆಗಿನ ಬುದ್ಧಿವಂತರು ಈ ಮನೆಗಳು ಬೇಗನೆ ಕೊಳೆಗೇರಿಯಾಗುತ್ತವೆ ಎಂದು ಮೂಗು ಮುರಿದರು. ಆಗಲಿಲ್ಲ. ಜನ ಮೇಲೊಂದು ಅಂತಸ್ತು ಸೇರಿಸಿದರು, ಹಿಂದೆ ಕೋಣೆ ಬೆಳೆಸಿದರು, ಇವತ್ತಿಗೂ ವಾಸವಾಗಿದ್ದಾರೆ. ನೇರ ಗೋಡೆ, ಸರಳ ಸೂರು, ಒಂದೇ ಕೆಲಸವನ್ನು ಸಾವಿರ ಸಲ ಮಾಡಿದ ಕೈ. ಇಂಥ ಮನೆ ಕೆಡಲು ಕಾರಣಗಳೇ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಜೋಸೆಫ್ ಐಕ್ಲರ್ ಒಳ್ಳೆಯ ವಾಸ್ತುಶಿಲ್ಪಿಗಳಿಂದ ನಕ್ಷೆ ಬರೆಸಿ ಸುಮಾರು 11 ಸಾವಿರ ಟ್ರ್ಯಾಕ್ಟ್ ಮನೆ ಕಟ್ಟಿದರು. ಇವತ್ತು ಅವನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಟ್ರ್ಯಾಕ್ಟ್ ಎಂದರೆ ಕಳಪೆ ಎಂಬ ಸಮೀಕರಣ ಹುಟ್ಟಿನಿಂದಲೇ ತಪ್ಪು.

ಹಾಗಾದರೆ ಎಲ್ಲಿ ಎಡವಿತು? ಅದಕ್ಕೆ 1992ರ ಆಗಸ್ಟ್ 24ಕ್ಕೆ ಹೋಗಬೇಕು. ಆ್ಯಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾಕ್ಕೆ ಅಪ್ಪಳಿಸಿದ ದಿನ. 25 ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು. ಗಾಳಿ ಜೋರಾಗಿತ್ತು ನಿಜ, ಆದರೆ ಆಮೇಲೆ ಅವಶೇಷಗಳನ್ನು ಕೆದಕಿ ನೋಡಿದ ಎಂಜಿನಿಯರುಗಳಿಗೆ ಕಂಡದ್ದು ಗಾಳಿಯ ಜೋರಷ್ಟೇ ಅಲ್ಲ. ಸೂರಿನ ಮೇಲೆ ಹಾಸುವ ಪ್ಲೈವುಡ್ ಅಥವಾ ಒಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆಯನ್ನು ಕೆಳಗಿನ ಟ್ರಸ್‌ಗೆ, ಅಂದರೆ ಸೂರನ್ನು ಹೊರುವ ಮರದ ಚೌಕಟ್ಟಿಗೆ, ಮೊಳೆ ಹೊಡೆದು ಬಿಗಿಯಬೇಕಲ್ಲ, ಎಷ್ಟೋ ಕಡೆ ಮೊಳೆಗಳು ಮತ್ತು ಸ್ಟೇಪಲ್‌ಗಳು ಟ್ರಸ್‌ಗೆ ತಾಗಿಯೇ ಇರಲಿಲ್ಲ. ಹಲಗೆಯನ್ನು ತೂರಿ, ಪಕ್ಕದಲ್ಲಿ ಬರಿಗಾಳಿಗೆ ಇಳಿದಿದ್ದವು. ತ್ರಿಕೋನಾಕಾರದ ಗೇಬಲ್ ಗೋಡೆಗಳಿಗೆ ಒಳಗಿನಿಂದ ಆಧಾರವೇ ಇರಲಿಲ್ಲ. ಒಂದು ಹಲಗೆ ಎದ್ದರೆ ಮಳೆ ಒಳಗೆ, ಗಾಳಿ ಒಳಗೆ. ಒಳಗೆ ನುಗ್ಗಿದ ಗಾಳಿ ಸೂರನ್ನು ಕೆಳಗಿನಿಂದ ಎತ್ತುತ್ತದೆ. ಮುಂದಿನದು ನಿಮಗೇ ಗೊತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇನ್ನೂರನೇ ಮನೆಯ ರೋಗ ಪೂರ್ತಿಯಾಗಿ ಕಾಣುವುದು ಈ ಮೊಳೆಯಲ್ಲಿ. ಸುತ್ತಿಗೆಯಿಂದ ಹೊಡೆದರೆ ಮೊಳೆ ಮರಕ್ಕೆ ಹೋಯಿತೋ ಇಲ್ಲವೋ ಕೈಗೆ ತಿಳಿಯುತ್ತದೆ. ಶಬ್ದವೇ ಬೇರೆ, ತಡೆಯೇ ಬೇರೆ. ನೇಲ್ ಗನ್ನಿನಲ್ಲಿ ಎಲ್ಲ ಏಟೂ ಒಂದೇ. ಟ್ರಸ್ ಸಿಕ್ಕಿದರೂ ಅದೇ 'ಟಪ್', ತಪ್ಪಿದರೂ ಅದೇ 'ಟಪ್'. ಮೇಲಿನಿಂದ ನೋಡಿದರೆ ಮೊಳೆಗಳ ಸಾಲು ಚೆಂದ. ಜೊತೆಗೆ ಚೌಕಟ್ಟು ಕಟ್ಟುವ ತಂಡಕ್ಕೆ ಕೂಲಿ ದಿನದ ಲೆಕ್ಕದಲ್ಲಲ್ಲ, ಎಷ್ಟು ಚದರಡಿ ಎಂಬ ಲೆಕ್ಕದಲ್ಲಿ. ತಪ್ಪಿದ ಮೊಳೆಯನ್ನು ಹುಡುಕಲು ಅಟ್ಟಕ್ಕೆ ಹತ್ತಿ ಇಳಿಯುವ ಸಮಯಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಲಗೆಯ ಅಂಚಿನಲ್ಲಿ 6 ಅಂಗುಲಕ್ಕೊಂದು, ನಡುವೆ 12 ಅಂಗುಲಕ್ಕೊಂದು ಎಂಬುದು ಬಹುಕಾಲದ ಲೆಕ್ಕ. ಅದು ಎಲ್ಲರಿಗೂ ಬಾಯಿಪಾಠ. ಗೊತ್ತಿಲ್ಲದೆ ಆದ ತಪ್ಪಲ್ಲ ಇದು, ಗೊತ್ತಿದೆ ಎಂಬ ನಿರಾಳತೆಯಲ್ಲಿ ಆದದ್ದು. ಒಂದು ಮನೆಯಲ್ಲಿ ತಂಡದ ಕೈ ಹೀಗೆ ಓಡಿದರೆ ಇಡೀ ಬೀದಿಯಲ್ಲಿ ಹಾಗೇ ಓಡಿರುತ್ತದೆ.

ಅದೇ ಚಂಡಮಾರುತದಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸೇವಾಸಂಸ್ಥೆ ಕಟ್ಟಿದ್ದ ಮನೆಗಳು ಚೆನ್ನಾಗಿ ತಾಳಿಕೊಂಡವು. ಅವನ್ನು ಕಟ್ಟಿದವರು ರಜೆಯ ದಿನ ಬಂದು ಸುತ್ತಿಗೆ ಹಿಡಿದ ಸ್ವಯಂಸೇವಕರು. ಕಸುಬು ಬಾರದವರು, ಭಯದಿಂದ, ಬೇಕಾದ್ದಕ್ಕಿಂತ ಹೆಚ್ಚೇ ಮೊಳೆ ಹೊಡೆದಿದ್ದರು ಎಂದು ಆಗ ಜನ ಹೇಳಿಕೊಂಡರು. ಈ ಕಥೆ ನನಗೆ ಬಹಳ ಇಷ್ಟ. ಕುಶಲತೆ ಬೇಕೇಬೇಕು ಎನ್ನುವ ನಮ್ಮಂಥವರಿಗೆ ಅದು ಸ್ವಲ್ಪ ಮುಜುಗರವನ್ನೂ ತರುತ್ತದೆ.

ಆ್ಯಂಡ್ರೂ ನಂತರ ಫ್ಲಾರಿಡಾ ತನ್ನ ನಿಯಮಗಳನ್ನು ತಿರುಗಿ ಬರೆಯಿತು. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಕೋಡ್ ಜಾರಿಗೆ ಬಂತು. ಇಲ್ಲಿ ಟ್ರ್ಯಾಕ್ಟ್ ಮನೆಗಳ ಇನ್ನೊಂದು ಮುಖ ಕಾಣುತ್ತದೆ. ತಪ್ಪು ಇಡೀ ಬೀದಿಗೆ ಹರಡುವ ಹಾಗೆಯೇ ತಿದ್ದುಪಡಿಯೂ ಇಡೀ ಬೀದಿಗೆ ಹರಡುತ್ತದೆ. ಟ್ರಸ್ಸನ್ನು ಗೋಡೆಗೆ ಕಟ್ಟುವ ಲೋಹದ ಪಟ್ಟಿ ಒಮ್ಮೆ ನಕ್ಷೆಯಲ್ಲಿ ಸೇರಿದರೆ ಮುಂದಿನ ಸಾವಿರ ಮನೆಗಳಲ್ಲಿ ಅದು ಇರುತ್ತದೆ.

ಈಗ ನೆಲದ ವಿಷಯ. ಜನ ನೋಡುವುದು ಅಡುಗೆಮನೆಯ ಕಲ್ಲು, ನಾನು ಮೊದಲು ಕೇಳುವುದು ಮಣ್ಣಿನ ವರದಿ. ಟೆಕ್ಸಸ್‌ನ ಬಹುಭಾಗ, ಕೊಲರಾಡೊದ ಬೆಟ್ಟದ ತಪ್ಪಲು, ಇಲ್ಲೆಲ್ಲ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿಮಣ್ಣಿದೆ. ಮನೆಯ ಒಂದು ಮೂಲೆ ಎದ್ದು ಇನ್ನೊಂದು ಕೂತರೆ ಬಾಗಿಲು ಹಿಡಿಯುತ್ತದೆ, ಗೋಡೆಯ ಡ್ರೈವಾಲ್ (ಒಳಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ) ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಟ್ರ್ಯಾಕ್ಟ್ ಬಿಲ್ಡರ್ ಇಡೀ ಬಯಲಿಗೆ ಮಣ್ಣು ಪರೀಕ್ಷೆ ಮಾಡಿಸಿರುತ್ತಾನೆ, ತುಂಬಿದ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ ಅಳೆದಿರುತ್ತಾನೆ, ಸ್ಲ್ಯಾಬಿನೊಳಗೆ ಉಕ್ಕಿನ ಕೇಬಲ್ ಇಟ್ಟು ಕಾಂಕ್ರೀಟ್ ಗಟ್ಟಿಯಾದ ಮೇಲೆ ಎಳೆದು ಬಿಗಿದಿರುತ್ತಾನೆ. ಪೋಸ್ಟ್-ಟೆನ್ಷನ್ ಸ್ಲ್ಯಾಬ್ ಎನ್ನುವುದು ಅದಕ್ಕೇ. ಒಬ್ಬಂಟಿಯಾಗಿ ಮನೆ ಕಟ್ಟಿಸುವವರು ಈ ಖರ್ಚಿಗೇ ಮೊದಲು ಕತ್ತರಿ ಹಾಕುತ್ತಾರೆ. "ಪಕ್ಕದ ಮನೆ ನಿಂತಿದೆಯಲ್ಲ?" ಎನ್ನುತ್ತಾರೆ. ಪಕ್ಕದ ಮನೆಯ ಕೆಳಗೆ ಏನಿದೆ ಎಂದು ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ.

ಆದರೆ ಬಯಲನ್ನು ಸಮ ಮಾಡುವಾಗ ಎತ್ತರದ ಕಡೆ ಅಗೆದು ತಗ್ಗಿಗೆ ತುಂಬುತ್ತಾರೆ. ಅಗೆದ ನೆಲಕ್ಕೂ ತುಂಬಿದ ನೆಲಕ್ಕೂ ನಡುವಿನ ಗೆರೆ ಎಲ್ಲೋ ಒಂದು ಕಡೆ ಹಾದುಹೋಗಲೇಬೇಕು. ಅದು ನಿಮ್ಮ ಮನೆಯ ನಟ್ಟನಡುವೆ ಹಾದುಹೋದರೆ ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬುಮಣ್ಣಿನ ಮೇಲೆ. ಒಳ್ಳೆಯ ಬಿಲ್ಡರ್ ಅಂಥ ಸೈಟಿನಲ್ಲಿ ಗಟ್ಟಿ ಭಾಗವನ್ನೂ ಅಗೆದು, ಇಡೀ ಮನೆಯ ಕೆಳಗೆ ಒಂದೇ ಥರದ ತುಂಬುಮಣ್ಣು ಮಾಡುತ್ತಾನೆ. ನಿಮ್ಮ ಸೈಟು ಯಾವುದು ಎಂದು ಗ್ರೇಡಿಂಗ್ ನಕ್ಷೆ ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅದನ್ನು ಕೇಳಿದ ಗಿರಾಕಿಯನ್ನು ಮಾರಾಟದ ಕಚೇರಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಇನ್ನು ಮೊದಲನೇ ಮನೆಗೆ, ಅಂದರೆ ಕಸ್ಟಮ್ ಮನೆಗೆ ಬರೋಣ.

ಅಮೆರಿಕದಲ್ಲಿ ಇಂಥ ಮನೆಗಳಲ್ಲೇ ಹೆಸರಾದದ್ದು ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಕೌಫ್‌ಮನ್ ಕುಟುಂಬಕ್ಕಾಗಿ ಜಲಪಾತದ ಮೇಲೆ ಕಟ್ಟಿಸಿದ ಮನೆ. ಕಾಂಕ್ರೀಟಿನ ಬಾಲ್ಕನಿಗಳು ಕೆಳಗೆ ಆಧಾರವಿಲ್ಲದೆ ನೀರಿನ ಮೇಲಕ್ಕೆ ಚಾಚಿವೆ. ಅಷ್ಟು ಉದ್ದಕ್ಕೆ ನಕ್ಷೆಯಲ್ಲಿ ಹಾಕಿದ ಉಕ್ಕು ಸಾಲದು ಎಂದು ಕಟ್ಟುವ ಕೆಲಸದಲ್ಲಿದ್ದ ಎಂಜಿನಿಯರುಗಳಿಗೆ ಅನ್ನಿಸಿ, ಅದನ್ನು ಸುಮಾರು ದುಪ್ಪಟ್ಟು ಮಾಡಿಬಿಟ್ಟರು. ವಿಷಯ ತಿಳಿದು ರೈಟ್ ಕೆಂಡಾಮಂಡಲವಾದರು. ಮುಂದೆ ದಶಕಗಳ ನಂತರ ಲೆಕ್ಕ ಹಾಕಿದಾಗ ಆ ಹೆಚ್ಚಿನ ಉಕ್ಕೂ ಸಾಕಾಗಿರಲಿಲ್ಲ ಎಂದು ಗೊತ್ತಾಯಿತು. ಬಾಲ್ಕನಿ ಹೆಚ್ಚುಕಡಿಮೆ ಏಳು ಅಂಗುಲ ಜೋತುಬಿದ್ದಿತ್ತು. 2002ರಲ್ಲಿ ಒಳಗೆ ಕೇಬಲ್ ಹಾಕಿ ಎಳೆದು ನಿಲ್ಲಿಸಿದರು. ಆಗ ಹೇಳಿದೆನಲ್ಲ, ಟ್ರ್ಯಾಕ್ಟ್ ಮನೆಯ ಸ್ಲ್ಯಾಬಿನ ಕೇಬಲ್, ಬಹುತೇಕ ಅದೇ ತಂತ್ರ. ಸೂರು ಸೋರುತ್ತಿದ್ದುದು ಬೇರೆ.

ರೈಟ್ ಅವರನ್ನು ಹಂಗಿಸಲು ಇದನ್ನು ಹೇಳಲಿಲ್ಲ. ಆ ಮನೆ ಅದ್ಭುತ, ಒಮ್ಮೆಯಾದರೂ ಹೋಗಿ ನೋಡಿ. ಹೇಳಬೇಕೆಂದದ್ದು ಇಷ್ಟು: ಹಿಂದೆ ಯಾರೂ ಮಾಡಿರದ್ದನ್ನು ಮಾಡುವಾಗ ಅದನ್ನು ಬರೆದವರ ಹೆಸರು ಎಷ್ಟೇ ದೊಡ್ಡದಿರಲಿ, ಎರಡನೆಯವರೊಬ್ಬರು ಲೆಕ್ಕ ನೋಡಬೇಕು. ಆ ಉಕ್ಕು ದುಪ್ಪಟ್ಟಾಗದೆ ಹೋಗಿದ್ದರೆ ಇವತ್ತು ನೋಡಲು ಬಾಲ್ಕನಿ ಇರುತ್ತಿತ್ತೇ ಎಂಬ ಅನುಮಾನ ನನಗಿದೆ.

ನಮ್ಮ ನಿಮ್ಮಂಥವರ ಕಸ್ಟಮ್ ಮನೆಯಲ್ಲಿ ಬಾಲ್ಕನಿ ಅಷ್ಟು ಉದ್ದ ಚಾಚುವುದಿಲ್ಲ. ಅಲ್ಲಿ ತೊಂದರೆ ನೀರಿನದು. ಮರದ ಚೌಕಟ್ಟಿನ ಮನೆಗೆ ನೀರೇ ಮೊದಲ ಶತ್ರು. ಗೋಡೆಯ ಪದರಗಳನ್ನು ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರುವಂತೆ ಹೊದಿಸಬೇಕು. ಹೇಳುವುದು ಸುಲಭ. ಕಿಟಕಿ ಬಂದ ಕಡೆ, ಸೂರು ಗೋಡೆಗೆ ತಾಗಿದ ಕಡೆ, ಡೆಕ್ಕು ಕಚ್ಚಿಕೊಂಡ ಕಡೆ, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಅಲ್ಲೇ ನಿಂತು ಯೋಚಿಸಬೇಕಾದ ಪ್ರಶ್ನೆಯಾಗುತ್ತದೆ. ಕಸ್ಟಮ್ ಮನೆಯ ನಕ್ಷೆಯಲ್ಲಿ ಇಂಥ ಜಾಗಗಳು ಧಾರಾಳ. ನಾಲ್ಕು ದಿಕ್ಕಿನ ಸೂರು, ನಡುವೆ ಡಾರ್ಮರ್ (ಸೂರಿನ ಇಳಿಜಾರಿನಿಂದ ಹೊರಚಾಚಿದ ಕಿಟಕಿ), ಎರಡು ಇಳಿಜಾರುಗಳ ನೀರು ಬಂದು ಒಂದು ಗೋಡೆಗೆ ಢಿಕ್ಕಿ ಹೊಡೆಯುವ ಕುರುಡು ಮೂಲೆ. ಹೊರಗಿನಿಂದ ಅರಮನೆಯ ಕಳೆ. ನಾನು ಮಾತ್ರ ಆ ಮೂಲೆಗಳನ್ನು ಎಣಿಸುತ್ತಿರುತ್ತೇನೆ.

ಒಂದೇ ಉದಾಹರಣೆ. ಕೆಳಗಿನ ಸೂರೊಂದು ಗೋಡೆಯ ಪಕ್ಕದಲ್ಲೇ ಇಳಿದು ಬಂದು ಗೋಡೆಯ ನಡುವೆ ಮುಗಿಯುತ್ತದೆ ಎಂದುಕೊಳ್ಳಿ. ಸೂರಿನ ನೀರೆಲ್ಲ ಆ ತುದಿಗೆ ಬರುತ್ತದೆ. ಅಲ್ಲಿ ಅಂಗೈ ಅಗಲದ ಬಾಗಿಸಿದ ತಗಡೊಂದು ನೀರನ್ನು ಗೋಡೆಯಿಂದ ಆಚೆಗೆ, ಸೂರಂಚಿನ ಗಟರ್‌ಗೆ ತಳ್ಳಬೇಕು. ಕಿಕ್-ಔಟ್ ಫ್ಲ್ಯಾಶಿಂಗ್ ಎನ್ನುತ್ತಾರೆ. ಅದಿಲ್ಲದಿದ್ದರೆ ನೀರು ಹೊರಗಿನ ಹೊದಿಕೆಯ ಹಿಂದೆ ಇಳಿಯುತ್ತದೆ, ಮಳೆ ಬಂದಾಗಲೆಲ್ಲ, ವರ್ಷಗಟ್ಟಲೆ. ಹೊರಗೆ ಒಂದು ಕಂದು ಗೀರು ಕಾಣುವ ಹೊತ್ತಿಗೆ ಒಳಗಿನ ಒಎಸ್‌ಬಿ ಹಲಗೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಸೂರಿನವನು ಅದು ಸೈಡಿಂಗ್‌ನವನ (ಹೊರಗಿನ ಹೊದಿಕೆ ಹಾಕುವವನ) ಕೆಲಸ ಎನ್ನುತ್ತಾನೆ, ಸೈಡಿಂಗ್‌ನವನು ಸೂರಿನವನ ಕೆಲಸ ಎನ್ನುತ್ತಾನೆ. ಇಬ್ಬರ ನಡುವಿನ ಈ ಕೆಲಸವನ್ನು ನೋಡುವ ಮೂರನೆಯವನು ಟ್ರ್ಯಾಕ್ಟ್‌ನಲ್ಲಿ ಇದ್ದರೆ ಮೊದಲ ಮನೆಯಲ್ಲೇ ಜಗಳ ಬಗೆಹರಿದು ಉಳಿದೆಲ್ಲ ಮನೆಗೂ ತಗಡು ಬರುತ್ತದೆ. ಇಲ್ಲದಿದ್ದರೆ ಇಡೀ ಬಡಾವಣೆಯಲ್ಲಿ ಒಂದೂ ಇರುವುದಿಲ್ಲ, ಅದನ್ನೂ ನೋಡಿದ್ದೇನೆ. ಕಸ್ಟಮ್ ಮನೆಯಲ್ಲಿ ಆ ಮೂರನೆಯವನು ವಾಸ್ತುಶಿಲ್ಪಿ. ನಕ್ಷೆ ಕೈಗೆ ಬಂದ ಮೇಲೆ "ಇನ್ನು ಅವರ ಫೀಸು ಯಾಕೆ?" ಎಂದು ನಾವೇ ಅವರನ್ನು ಮನೆಗೆ ಕಳಿಸಿರುತ್ತೇವೆ.

ದುಬಾರಿ ಸಾಮಗ್ರಿ ನೀರನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. 1990ರ ದಶಕದ ಮಧ್ಯದಲ್ಲಿ ಉತ್ತರ ಕ್ಯಾರೊಲೈನಾದ ವಿಲ್ಮಿಂಗ್ಟನ್‌ನಲ್ಲಿ ಸಿಂಥೆಟಿಕ್ ಸ್ಟಕ್ಕೊ ಹೊದಿಸಿದ ಮನೆಗಳ ಗೋಡೆ ಒಳಗೇ ಕೊಳೆಯುತ್ತಿರುವುದು ಬೆಳಕಿಗೆ ಬಂತು. ಫೋಮ್ ಹಲಗೆ, ಮೇಲೆ ತೆಳುವಾದ ಲೇಪ. ನೋಡಲು ನುಣುಪು. ಒಳ್ಳೆಯ ಬೆಲೆಯ, ಹೊಸ ಮನೆಗಳಿಗೂ ಇದೇ ಹೊದಿಕೆ ಹಾಕಿದ್ದರು. ಲೇಪದ ಮೂಲಕ ನೀರು ಬರಲಿಲ್ಲ, ಕಿಟಕಿಯ ಸಂದುಗಳಿಂದ ಬಂತು. ಬಂದ ನೀರಿಗೆ ಹೊರಗೆ ಹೋಗುವ ದಾರಿಯನ್ನೇ ಆ ವಿನ್ಯಾಸದಲ್ಲಿ ಇಟ್ಟಿರಲಿಲ್ಲ. ಕೆಲಸಗಾರರು ಶ್ರದ್ಧೆಯಿಂದಲೇ ಬಳಿದಿದ್ದರೂ ಫಲ ಅಷ್ಟೇ ಆಗುತ್ತಿತ್ತು. ಮುಂದೆ ಅದೇ ಹೊದಿಕೆ, ಹಿಂದೆ ನೀರು ಬಸಿದುಹೋಗುವ ಸಂದು ಇಟ್ಟುಕೊಂಡು ಬಂತು, ಈಗ ಸರಿಯಾಗಿ ನಡೆಯುತ್ತಿದೆ.

ಸಾಮಗ್ರಿಯ ಮೋಸಕ್ಕೆ ಕಸ್ಟಮ್, ಟ್ರ್ಯಾಕ್ಟ್ ಎಂಬ ಭೇದವಿಲ್ಲ. 1978ರಿಂದ 1995ರವರೆಗೆ ಹಾಕಿದ ಪಾಲಿಬ್ಯುಟಿಲೀನ್ ಎಂಬ ಪ್ಲಾಸ್ಟಿಕ್ಕಿನ, ಮುಂದೆ ಸೋರತೊಡಗಿದ ನೀರಿನ ಪೈಪುಗಳು, 2000ದ ದಶಕದ ನಡುವೆ ಬಂದ, ಗಂಧಕದ ಅನಿಲ ಬಿಟ್ಟು ತಾಮ್ರವನ್ನು ಕಪ್ಪಾಗಿಸಿದ ಚೀನಾದ ಡ್ರೈವಾಲ್, ಎರಡೂ ಥರದ ಮನೆಗಳಲ್ಲಿ ಸಿಕ್ಕವು.

ಇನ್ನೊಂದು ಮಾತು ಹಲವರಿಗೆ ಆಶ್ಚರ್ಯ ತರುತ್ತದೆ. ಎಷ್ಟೋ ಊರುಗಳಲ್ಲಿ ಎರಡೂ ಮನೆಗಳನ್ನು ಕಟ್ಟುವುದು ಅದೇ ಜನ. ಚೌಕಟ್ಟಿನ ತಂಡ, ಪ್ಲಂಬರ್, ಡ್ರೈವಾಲ್‌ನವರು ಈ ತಿಂಗಳು ಟ್ರ್ಯಾಕ್ಟ್‌ನಲ್ಲಿ, ಮುಂದಿನ ತಿಂಗಳು ಗುಡ್ಡದ ಮೇಲಿನ ಕಸ್ಟಮ್ ಮನೆಯಲ್ಲಿ. ಕೈ ಬದಲಾಗುವುದಿಲ್ಲ, ಸಮಯ ಬದಲಾಗುತ್ತದೆ, ಮೇಲೆ ನಿಂತವರು ಬದಲಾಗುತ್ತಾರೆ. ನೆಲದ ತೊಲೆಯ ಆಳದ ಮೂರನೇ ಒಂದಕ್ಕಿಂತ ದೊಡ್ಡ ತೂತು ಕೊರೆಯಬಾರದು, ಮೇಲಿನ ಕೆಳಗಿನ ಅಂಚಿನಿಂದ ಎರಡು ಅಂಗುಲದೊಳಗೆ ಕೊರೆಯಬಾರದು ಎಂದು ಕೋಡ್ ಹೇಳುತ್ತದೆ. ಟ್ರ್ಯಾಕ್ಟ್‌ನಲ್ಲಿ ಶೌಚದ ಪೈಪು ಎಲ್ಲಿ ಇಳಿಯುತ್ತದೆ ಎಂದು ಮೊದಲ ಮನೆಯಲ್ಲೇ ಗೊತ್ತಾಗಿರುವುದರಿಂದ ಅಲ್ಲಿ ತೊಲೆ ಬರದಂತೆ ಸರಿಸಿರುತ್ತಾರೆ. ಕಸ್ಟಮ್ ಮನೆಯಲ್ಲಿ ಬಚ್ಚಲಿನ ಟಬ್ಬನ್ನು ಕಡೇ ಗಳಿಗೆಯಲ್ಲಿ ಕಿಟಕಿ ಕಡೆಗೆ ತಿರುಗಿಸಿದಿರಿ ಎನ್ನಿ, ಅದರ ಪೈಪು ಹೋಗುವ ದಾರಿಯಲ್ಲಿ ತೊಲೆ. ಪ್ಲಂಬರ್ ಕೈಯಲ್ಲಿ ಗರಗಸ. ಎಂಜಿನಿಯರಿಗೆ ಫೋನ್ ಮಾಡುವವರು ಯಾರು?

ದುಡ್ಡಿನ ವಿಷಯದಲ್ಲಿ ಕಸ್ಟಮ್ ಮನೆಯವರು ಒಂದು ಬಲೆಗೆ ಬೀಳುತ್ತಾರೆ. ಕರಾರಿನಲ್ಲಿ ಅಲೋಯನ್ಸ್ ಎಂದು ಬರೆದಿರುತ್ತದೆ: ಟೈಲ್ಸ್‌ಗೆ ಇಷ್ಟು, ದೀಪಗಳಿಗೆ ಇಷ್ಟು, ಅಡುಗೆಮನೆಗೆ ಇಷ್ಟು. ಷೋರೂಮಿಗೆ ಹೋದ ದಿನ ಆ ಲೆಕ್ಕ ಎಲ್ಲ ಮೀರುತ್ತದೆ. ಮೀರಿದ್ದನ್ನು ಎಲ್ಲಾದರೂ ಉಳಿಸಬೇಕಲ್ಲ, ಕಣ್ಣಿಗೆ ಕಾಣದ ಕಡೆ ಉಳಿಸುತ್ತಾರೆ. ಕಿಟಕಿಯ ದರ್ಜೆ ಇಳಿಯುತ್ತದೆ, ಗೋಡೆಯ ಸುತ್ತ ಬಸಿಗಾಲುವೆ ರದ್ದಾಗುತ್ತದೆ, ಇನ್ಸುಲೇಷನ್ (ಬಿಸಿ, ಚಳಿ ತಡೆಯುವ ಪದರ), ಕೋಡ್ ಕೇಳಿದಷ್ಟಕ್ಕೇ ನಿಲ್ಲುತ್ತದೆ. ಅಮೃತಶಿಲೆಯ ಕೆಳಗೆ ಸಾಧಾರಣ ಮನೆ ಇರುವುದು ನನಗೆ ಅಪರೂಪದ ದೃಶ್ಯವೇನಲ್ಲ. ಕಟ್ಟಿಸುವವರು ಕಲ್ಲನ್ನು ಆಮೇಲೆ ಹಾಕಿಸಬಹುದು, ಗೋಡೆಯೊಳಗಿನದನ್ನು ಆಮೇಲೆ ಹಾಕಿಸಲಾಗದು.

ಟ್ರ್ಯಾಕ್ಟ್ ಮನೆ ಸೋಲುವ ಇನ್ನೊಂದು ಜಾಗ ಎ.ಸಿ. ಒಂದೇ ನಕ್ಷೆಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಕಟ್ಟುತ್ತಾರೆ. ಹಾಲ್‌ನ ದೊಡ್ಡ ಗಾಜು ಒಂದು ಮನೆಯಲ್ಲಿ ಉತ್ತರಕ್ಕೆ, ಇನ್ನೊಂದು ಬೀದಿಯ ಮನೆಯಲ್ಲಿ ಪಶ್ಚಿಮಕ್ಕೆ. ತಂಪಿನ ಲೆಕ್ಕವನ್ನು ಮಾತ್ರ ಎಷ್ಟೋ ಸಲ ಅತಿ ಬಿಸಿಯ ದಿಕ್ಕಿಗೆ ಒಮ್ಮೆ ಮಾಡಿ ಎಲ್ಲಕ್ಕೂ ಅದೇ ಯಂತ್ರ ಹಾಕಿಬಿಡುತ್ತಾರೆ. ಪಶ್ಚಿಮದ ಮನೆಯವರು ಪಾಸಾದರು. ಉತ್ತರದ ಮನೆಯಲ್ಲಿ ಯಂತ್ರ ದೊಡ್ಡದಾಯಿತು. ದೊಡ್ಡ ಯಂತ್ರ ಬೇಗ ತಣಿಸಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ತಣ್ಣಗಿದ್ದೂ ಜಿಗುಟು ಜಿಗುಟಾಗಿರುವ ಮನೆ ಎಂದರೆ ಇದೇ.

ಗಾಳಿ ಸೋರಿಕೆಯ ವಿಷಯದಲ್ಲಿ ಟ್ರ್ಯಾಕ್ಟ್‌ನವರು ಮುಂದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. 2012ರ ಶಕ್ತಿ ಸಂಹಿತೆಯನ್ನು (ಮನೆಗಳ ಇಂಧನ ಉಳಿತಾಯದ ಕೋಡ್) ಒಪ್ಪಿಕೊಂಡ ಕಡೆಗಳಲ್ಲಿ ಬಾಗಿಲಿಗೆ ಫ್ಯಾನ್ ಕಟ್ಟಿ ಮನೆ ಎಷ್ಟು ಸೋರುತ್ತದೆ ಎಂದು ಅಳೆಯಬೇಕು. ದೇಶದ ಬಹುಭಾಗಕ್ಕೆ ಮಿತಿ ಏನೆಂದರೆ, 50 ಪಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮೂರು ಸಲಕ್ಕಿಂತ ಹೆಚ್ಚು ಮನೆಯ ಗಾಳಿ ಬದಲಾಗಬಾರದು. ಬಿಸಿ ತೇವದ ದಕ್ಷಿಣ ತುದಿಗೆ ಐದು. ಒಂದೇ ನಕ್ಷೆಯನ್ನು ಮತ್ತೆ ಮತ್ತೆ ಕಟ್ಟುವವರು ಎಲ್ಲಿ ಸೋರುತ್ತದೆ ಎಂದು ಕಲಿತು ಅಲ್ಲಿಗೆ ಮೇಣ ಹಚ್ಚುತ್ತಾರೆ. ಕಸ್ಟಮ್ ಮನೆಯವರಿಗೆ ಪರೀಕ್ಷೆ ಇರುವುದು ಒಂದೇ ಸಲ, ಅದೂ ಎಲ್ಲ ಮುಚ್ಚಿದ ಮೇಲೆ. ಆದರೆ ಟ್ರ್ಯಾಕ್ಟ್‌ನಲ್ಲಿ ಕೆಲವು ಪ್ರಮಾಣಪತ್ರಗಳಿಗೆ ಏಳು ಮನೆಗಳಲ್ಲಿ ಒಂದನ್ನು ಪರೀಕ್ಷಿಸಿದರೆ ಸಾಕು ಎಂಬ ಪದ್ಧತಿಯೂ ಇದೆ. ಹಾಗಾಗಿ ಸರ್ಟಿಫಿಕೇಟ್ ತೋರಿಸಿದರೆ, "ಈ ಮನೆಯನ್ನೇ ಅಳೆದದ್ದೋ?" ಎಂದು ಕೇಳಿ.

ವಾರಂಟಿಯ ಬಗ್ಗೆ ಚಿಕ್ಕದಾಗಿ. ಸಾಮಾನ್ಯವಾಗಿ ಕೆಲಸಗಾರಿಕೆಗೆ ಒಂದು ವರ್ಷ, ಪ್ಲಂಬಿಂಗ್, ವಿದ್ಯುತ್ತಿನಂಥವಕ್ಕೆ ಎರಡು ವರ್ಷ, ಕಟ್ಟಡದ ಎಲುಬಿಗೆ ಹತ್ತು ವರ್ಷ. ಕ್ಯಾಲಿಫೋರ್ನಿಯಾದಲ್ಲಿ 2003ರಿಂದ ಮಾರಿದ ಹೊಸ ಮನೆಗಳಿಗೆ ಏನು ಕೆಟ್ಟರೆ ಎಷ್ಟು ವರ್ಷ ಹೊಣೆ ಎಂದು ಪಟ್ಟಿ ಮಾಡಿದ ಕಾನೂನೇ ಇದೆ. ಸರಿಪಡಿಸುವ ಅವಕಾಶವನ್ನು ಮೊದಲು ಬಿಲ್ಡರಿಗೆ ಕೊಡಬೇಕು. ದೊಡ್ಡ ಬಿಲ್ಡರ್ ಹತ್ತು ವರ್ಷದ ನಂತರವೂ ಇರುವ ಸಂಭವ ಹೆಚ್ಚು. ಚಿಕ್ಕವನು ನಿಮ್ಮ ಫೋನ್ ತಾನೇ ಎತ್ತುತ್ತಾನೆ, ಅವನು ಕಸುಬಿನಲ್ಲಿ ಉಳಿದಿದ್ದರೆ.

ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ನಗರಸಭೆಯ ಇನ್‌ಸ್ಪೆಕ್ಟರ್ ನೋಡಿ ಸಹಿ ಹಾಕಿರುತ್ತಾರಲ್ಲ, ಮತ್ತೆ ಬೇರೆಯವರನ್ನು ಯಾಕೆ ಕರೆಸಬೇಕು ಎಂದು ಒಬ್ಬರು ಕೇಳಿದರು. ಅವರು ನೋಡುವುದು ಕೋಡ್‌ನ ಕನಿಷ್ಠ ಮಟ್ಟವನ್ನು. ಪಾಯ, ಚೌಕಟ್ಟು, ಪೈಪು-ವೈರು, ಇನ್ಸುಲೇಷನ್, ಕೊನೆಯದು, ಹೀಗೆ ಹಂತಹಂತವಾಗಿ ಬರುತ್ತಾರೆ. ಆದರೆ ಒಂದು ದಿನಕ್ಕೆ ಅವರಿಗೆ ಹಲವಾರು ಮನೆ. ಡ್ರೈವಾಲ್ ಹೊಡೆಯುವ ಮುನ್ನ ನಿಮ್ಮ ಪರವಾಗಿ ಒಬ್ಬರು ಒಂದೆರಡು ಗಂಟೆ ಒಳಗೆ ಇದ್ದರೆ ಅದರ ಬೆಲೆಯೇ ಬೇರೆ. ಟ್ರ್ಯಾಕ್ಟ್ ಮನೆಯಾದರೆ ಕರಾರಿಗೆ ಸಹಿ ಹಾಕುವ ಮೊದಲೇ ಇದಕ್ಕೆ ಅನುಮತಿ ಬರೆಸಿಕೊಳ್ಳಿ. ಸಹಿ ಆದ ಮೇಲೆ ಕೇಳಿದರೆ ವಿಮೆಯ ನೆಪ ಹೇಳುತ್ತಾರೆ. ಬರಲು ಬಿಟ್ಟ ದಿನ ಫೋನಿನಲ್ಲಿ ಪ್ರತಿ ಗೋಡೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಮುಂದೆ ಪೈಪು ಎಲ್ಲಿದೆ ಎಂದು ಹುಡುಕುವಾಗ ಉಪಯೋಗಕ್ಕೆ ಬರುತ್ತದೆ.

ಬಡಾವಣೆಯಲ್ಲಿ ಮೊದಲು ಕಟ್ಟಿದ ಮನೆ ಒಳ್ಳೆಯದೋ ಕೊನೆಯದೋ ಎಂದು ಇನ್ನೊಬ್ಬರು ಕೇಳಿದರು. ತೀರಾ ಮೊದಲಿನವು ಇನ್ನೂ ಕಲಿಕೆಯ ಮನೆಗಳು. ಕೊನೆಯವುಗಳ ಹೊತ್ತಿಗೆ ಒಳ್ಳೆಯ ಸೂಪರಿಂಟೆಂಡೆಂಟನ್ನು (ಕೆಲಸದ ಮೇಲ್ವಿಚಾರಕನನ್ನು) ಮುಂದಿನ ಬಡಾವಣೆಗೆ ಕಳಿಸಿರುತ್ತಾರೆ. ಆಯ್ಕೆ ಇದ್ದರೆ ನಾನು ನಡುವಿನದನ್ನು ತೆಗೆದುಕೊಳ್ಳುತ್ತೇನೆ. ಮಾಡೆಲ್ ಮನೆಯನ್ನು ನೋಡಿ ಗುಣ ಅಳೆಯಬೇಡಿ, ಕಟ್ಟುತ್ತಿರುವ ಮನೆಯೊಳಗೆ ಅನುಮತಿ ಪಡೆದು ಹೋಗಿ. ನೆಲ ಗುಡಿಸಿದ್ದಾರೆಯೇ, ಮರವನ್ನು ಮಳೆಗೆ ಬಿಟ್ಟಿದ್ದಾರೆಯೇ, ಕಿಟಕಿಯ ಸುತ್ತ ಟೇಪು ಯಾವ ಕ್ರಮದಲ್ಲಿ ಅಂಟಿಸಿದ್ದಾರೆ, ಇಷ್ಟರಿಂದಲೇ ಬಹಳ ತಿಳಿಯುತ್ತದೆ. ಕೆಳಗಿನದು ಮೊದಲು, ಪಕ್ಕದವು ಆಮೇಲೆ, ಮೇಲಿನದು ಕೊನೆಗೆ. ಉಲ್ಟಾ ಇದ್ದರೆ ಆ ಬೀದಿಯೆಲ್ಲ ಉಲ್ಟಾ.

ಕಸ್ಟಮ್ ಬಿಲ್ಡರನ್ನು ಆರಿಸುವುದು ಹೇಗೆ ಎಂಬುದು ಕಡೆಯ ಪ್ರಶ್ನೆ. ಅವರು ಮೊನ್ನೆ ಮುಗಿಸಿದ ಮನೆಯನ್ನು ತೋರಿಸಲು ಬರುತ್ತಾರೆ. ಅದು ಬೇಡ ಎನ್ನಿ. ಎಂಟು ಹತ್ತು ವರ್ಷ ಹಿಂದೆ ಕಟ್ಟಿದ್ದನ್ನು ತೋರಿಸಿ ಎಂದು ಕೇಳಿ, ಅಲ್ಲಿರುವವರ ಜೊತೆ ನೀವೇ ಮಾತಾಡಿ. ಸೋರಿಕೆ ಆಯಿತೇ ಎಂದು ಕೇಳಬೇಡಿ, ಯಾವಾಗಲಾದರೂ ಒಮ್ಮೆ ಆಗಿಯೇ ಇರುತ್ತದೆ. ಆದಾಗ ಫೋನ್ ಮಾಡಿದ್ದಕ್ಕೆ ಎಷ್ಟು ದಿನಕ್ಕೆ ಬಂದರು, ಬಂದವರು ಯಾರು, ಬರೀ ಕಲೆಯ ಮೇಲೆ ಬಣ್ಣ ಬಳಿದು ಹೋದರೋ ಅಥವಾ ಗೋಡೆ ಬಿಚ್ಚಿ ನೋಡಿದರೋ ಎಂದು ಕೇಳಿ.